ನಾಲ್ಕು ಕ್ಲಾಂಪಿನ ಮುಚ್ಚಳ

"ಮಳೆ ಊರಿನವರು ಮಾಡಿದ ರಬ್ಬರು ಮರುಭೂಮಿಗೆ ಆಗಿಬರೋದಿಲ್ಲ ಅಂತ ಕಾಣುತ್ತೆ."

ಈ ಮಾತನ್ನು ನಾನು ಕೇಳಿದ್ದು ಸಾಗರದ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ, ಮಾಲೀಕರ ಫೋನಿನ ಸ್ಪೀಕರಿನಿಂದ. ಆಡಿದವರು ದೊಡ್ಡ ಕಂಪನಿಯೊಂದರ ಮ್ಯಾನೇಜರ್. ಸೇನೆಗಾಗಿ ತಯಾರಾಗುತ್ತಿದ್ದ ಹೊಸ ಸಮರ ಟ್ಯಾಂಕಿನ ಏರ್ ಫಿಲ್ಟರ್ ಪೆಟ್ಟಿಗೆ ಅವರ ಕಂಪನಿಯದು. ಆ ಪೆಟ್ಟಿಗೆಯ ಮುಚ್ಚಳದ ಸುತ್ತ ಕೂರುವ ರಬ್ಬರ್ ಸೀಲು ನಮ್ಮದು. ಮರುಭೂಮಿಯ ಪರೀಕ್ಷೆಯಲ್ಲಿ ಒಂದು ಟ್ಯಾಂಕಿನ ಎಂಜಿನ್ ಕೆಟ್ಟಿದೆ, ಒಳಗೆ ಧೂಳು ಹೊಕ್ಕಿದೆ, ಹೊಕ್ಕಿದ್ದು ನಿಮ್ಮ ಸೀಲನ್ನು ದಾಟಿಕೊಂಡು ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕರು ಕೈಯೆತ್ತಿ ಸುಮ್ಮನಿರಿಸಿದರು. ಫೋನ್ ಇಟ್ಟ ಮೇಲೆ, "ಇವ್ರಿಗೆ ನಮ್ಮ ಮಳೆ ಮೇಲೆ ಎಂತ ಸಿಟ್ಟೋ" ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ಸೀಲಿಗಾಗಿ ಪಟ್ಟ ಪಾಡು ನನ್ನದು. ನಾನು ತೀರ್ಥಹಳ್ಳಿಯವಳು, ಓದಿದ್ದು ರಬ್ಬರ್ ತಂತ್ರಜ್ಞಾನ. ನಮ್ಮ ಕಾರ್ಖಾನೆಯಲ್ಲಿ ಅಲ್ಲಿಯವರೆಗೆ ಆಗುತ್ತಿದ್ದದ್ದು ಅಡಿಕೆ ಸುಲಿಯುವ ಯಂತ್ರದ ರೋಲರು, ಪಂಪ್‌ಸೆಟ್ಟಿನ ವಾಷರು, ಹಾಲಿನ ಕ್ಯಾನಿನ ಗ್ಯಾಸ್ಕೆಟ್ಟು. ಟ್ಯಾಂಕಿನ ಕೆಲಸ ಬಂದಾಗ ಮೊದಲು ನಾನೇ ಬೇಡ ಎಂದಿದ್ದೆ. ಮಾಲೀಕರು ಕೇಳಲಿಲ್ಲ.

ಟ್ಯಾಂಕಿಗೆ ಉಸಿರಾಟ ಎಷ್ಟು ಮುಖ್ಯ ಎನ್ನುವುದು ನನಗೆ ಅರ್ಥವಾದದ್ದು ಆ ಕೆಲಸಕ್ಕೆ ಕೂತ ಮೇಲೆ. ಅದರ ಎಂಜಿನ್ ಬಿರುಗಾಳಿಯಂತೆ ಗಾಳಿ ಎಳೆದುಕೊಳ್ಳುತ್ತದೆ. ಮರುಭೂಮಿಯಲ್ಲಿ ಮುಂದಿನ ಟ್ಯಾಂಕು ಎಬ್ಬಿಸಿದ ಧೂಳನ್ನು ಹಿಂದಿನ ಟ್ಯಾಂಕು ಕುಡಿಯಬೇಕು. ನೋಡಲು ಮಂಜಿನ ಹಾಗಿರುವ ಆ ಧೂಳು ಎಂಜಿನ್ನಿನ ಒಳಗೆ ಹೋದರೆ ಉಪ್ಪುಕಾಗದದಂತೆ ಎಲ್ಲವನ್ನೂ ತಿಕ್ಕಿ ತೆಗೆಯುತ್ತದೆ. ಅದನ್ನು ತಡೆಯುವುದು ಫಿಲ್ಟರು. ಫಿಲ್ಟರಿನ ಪಕ್ಕದಿಂದ ಕಳ್ಳದಾರಿಯಲ್ಲಿ ನುಗ್ಗದಂತೆ ಕಾಯುವುದು ಮುಚ್ಚಳದ ಸೀಲು.

ಮಳೆಗಾಲದಲ್ಲಿ ನಮ್ಮ ಕಚ್ಚಾ ಪುಡಿಗಳು ತೇವ ಹೀರುತ್ತಿದ್ದವು. ಅಚ್ಚಿನಿಂದ ತೆಗೆದ ಸೀಲಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು. ಪುಡಿಗಳಿಗೇ ಒಂದು ಬಿಸಿ ಕೋಣೆ ಮಾಡಿದೆವು. ರಬ್ಬರನ್ನು ಅಚ್ಚಿನಲ್ಲಿ ಒತ್ತುವ ಪ್ರೆಸ್ ನೋಡಿಕೊಳ್ಳುತ್ತಿದ್ದ ಹೊಸನಗರದ ಹೆಂಗಸು ಪ್ರತಿ ಸೀಲಿನ ನಾಲ್ಕೂ ಮೂಲೆಗಳನ್ನು ಮಡಚಿ ಬೆಳಕಿಗೆ ಹಿಡಿದು ನೋಡದೆ ಮುಂದಕ್ಕೆ ಕಳಿಸುತ್ತಿರಲಿಲ್ಲ. ಒಲೆಯಲ್ಲಿ ಬೇಯಿಸಿದೆವು, ಫ್ರೀಜರಿನಲ್ಲಿ ಇಟ್ಟೆವು, ಮತ್ತೆ ಬೇಯಿಸಿದೆವು. ಕಂಪನಿಯವರೇ ಕಳಿಸಿಕೊಟ್ಟ ಮಾದರಿ ಪೆಟ್ಟಿಗೆಗೆ ಸೀಲು ಹಾಕಿ, ಮುಚ್ಚಳವನ್ನು ಒತ್ತಿ ಹಿಡಿಯುವ ನಾಲ್ಕು ಮೂಲೆಯ ನಾಲ್ಕು ಕ್ಲಾಂಪು ಬಿಗಿದು, ಒಳಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿದೆವು. ಒಂದೂ ಗುಳ್ಳೆ ಏಳದಿದ್ದದ್ದನ್ನು ಮಾತ್ರ ಒಪ್ಪಿಕೊಂಡೆವು. ಇಷ್ಟೆಲ್ಲ ಆದ ಮೇಲೆ ಮಳೆ ಊರಿನ ರಬ್ಬರು ಎಂಬ ಮಾತು. ನೀವೇ ಬಂದು ನೋಡಿ, ಬಂದು ಒಪ್ಪಿಕೊಳ್ಳಿ ಎಂದು ಮ್ಯಾನೇಜರ್ ಹೇಳಿದ್ದರು. ನೋಡಲು ಹೊರಟೆ.

ಮಾಲೀಕರು ಶಿವಮೊಗ್ಗದವರೆಗೆ ತಾವೇ ಕಾರಿನಲ್ಲಿ ಬಿಟ್ಟರು. ತಪ್ಪು ನಮ್ಮದಾಗಿದ್ದರೆ ಮುಚ್ಚಿಡಬೇಡ, ನಮ್ಮದಲ್ಲದ್ದನ್ನು ಹೊತ್ತುಕೊಂಡು ಬರಬೇಡ ಎಂದಷ್ಟೇ ಹೇಳಿದರು. ನನ್ನ ಚೀಲದಲ್ಲಿ ರಬ್ಬರಿನ ಗಡಸು ಅಳೆಯುವ ಮೀಟರು, ಒಂದು ಹೊಸ ಸೀಲು, ಒಂದು ಡಬ್ಬಿ ಬಿಳಿ ಗ್ರೀಸು, ಸೀಮೆಸುಣ್ಣ ಇದ್ದವು.

ಪರೀಕ್ಷಾ ಬಯಲು ತಲುಪಿದ ದಿನ ಮೊದಲು ಕಂಡದ್ದು ಟ್ಯಾಂಕ್ ಗುಂಡು ಹೊಡೆಯುವುದು. ಕೆಟ್ಟ ಟ್ಯಾಂಕಿನ ಜೊತೆಯದು ಅದು. ದಿಬ್ಬ ಹತ್ತಿ ಇಳಿದು ದೋಣಿಯಂತೆ ಹೊಯ್ದಾಡುತ್ತಾ ಓಡುತ್ತಿದ್ದರೂ ಅದರ ತೋಪಿನ ಮೂತಿ ಗುರಿಯಿಂದ ಅಲುಗುತ್ತಿರಲಿಲ್ಲ. ಓಡುತ್ತಲೇ ಹೊಡೆಯಿತು. ದೂರದಲ್ಲಿ ನಿಲ್ಲಿಸಿದ್ದ ಹಲಗೆ ಸೀಳಿ ಬಿತ್ತು. ಇಷ್ಟು ಒಳ್ಳೆಯ ಯಂತ್ರಕ್ಕೆ ಉಸಿರು ಕಟ್ಟುವಂತೆ ಮಾಡಿದ್ದು ನಮ್ಮ ಸೀಲೇ ಆಗಿದ್ದರೆ ಎಂದುಕೊಂಡೆ.

ಕೆಟ್ಟ ಟ್ಯಾಂಕಿನ ಕಮಾಂಡರ್ ಒಬ್ಬ ರಿಸಾಲ್ದಾರ್. ಟ್ಯಾಂಕ್ ಪಡೆಗಳಲ್ಲಿ ಸುಬೇದಾರರನ್ನು ಹಾಗೆ ಕರೆಯುತ್ತಾರೆ. ಆದದ್ದನ್ನು ಅವರು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ಅಣಕು ಯುದ್ಧ ನಡೆದಿತ್ತು. ಅವರ ಟ್ಯಾಂಕು ದಿಬ್ಬದ ಹಿಂದಿನಿಂದ ಮೇಲೇರಿ, ತೋಪಿನ ಭಾಗವನ್ನಷ್ಟೇ ತೋರಿಸಿ, ಹೊಡೆದು, ಹಿಂದಕ್ಕೆ ಸರಿಯಬೇಕಿತ್ತು. ಹೊಡೆದದ್ದು ಸರಿಯಾಗಿಯೇ ಇತ್ತು. ಹಿಂದೆ ಸರಿದು ಇನ್ನೊಂದು ದಿಬ್ಬಕ್ಕೆ ಹೋಗುವಾಗ ಎಂಜಿನ್ ಕಪ್ಪು ಹೊಗೆ ಕಾರಿ, ಶಕ್ತಿ ಕಳೆದುಕೊಂಡು, ಬಯಲಿನ ನಡುವೆ ಅಡ್ಡಲಾಗಿ ನಿಂತುಬಿಟ್ಟಿತು. ತೀರ್ಪುಗಾರರು ಬಂದು ಟ್ಯಾಂಕ್ ನಾಶವಾಯಿತು, ನಾಲ್ವರೂ ಸತ್ತರು ಎಂದು ಘೋಷಿಸಿದರು. ಆಟದ ನಿಯಮ ಅದು. ಸತ್ತವರು ಹೊರಗೆ ಬಂದು ಟ್ಯಾಂಕಿನ ನೆರಳಿನಲ್ಲಿ ಸಂಜೆಯವರೆಗೆ ಕೂತಿದ್ದರಂತೆ.

"ಈ ಸಲ ಎದ್ದು ಬಂದು ಚಹಾ ಕುಡಿದೆವು ಮೇಡಂ" ಎಂದರು ರಿಸಾಲ್ದಾರ್.

ಇದೇ ಘಟನೆಯನ್ನು ಮ್ಯಾನೇಜರ್ "ಸಣ್ಣ ನಿಲುಗಡೆ" ಎನ್ನುತ್ತಿದ್ದರು.

ಅಲ್ಲಿ ಹೋದ ಮೇಲೆ ತಿಳಿದ ಇನ್ನೊಂದು ಸಂಗತಿ, ಕಂಪನಿಯವರು ಮೊದಲು ಬೆರಳು ತೋರಿಸಿದ್ದು ನಮ್ಮ ರಬ್ಬರಿನ ಕಡೆಗಲ್ಲ, ಟ್ಯಾಂಕಿನ ಚಾಲಕನ ಕಡೆಗೆ. ಅವನು ಎಂಜಿನ್ನನ್ನು ಮಿತಿಮೀರಿ ಹಿಂಡಿದ ಎಂದು ಎಲ್ಲರೆದುರು ಹೇಳಿದ್ದರು. ಸೇನೆಯವರು ಅವನನ್ನು ಟ್ಯಾಂಕಿನಿಂದ ಇಳಿಸಿ ಶಿಬಿರಕ್ಕೆ ನೀರು ತರುವ ಲಾರಿಗೆ ಹಾಕಿದ್ದರು. ಎಂಜಿನ್ ಬಿಚ್ಚಿ ಒಳಗೆ ಧೂಳು ಕಂಡ ಮೇಲೆ ರಬ್ಬರಿನ ಕಥೆ ಶುರುವಾಯಿತು. ಆದರೆ ಚಾಲಕನ ಮೇಲಿನ ಮಾತನ್ನು ಯಾರೂ ಹಿಂತೆಗೆದುಕೊಂಡಿರಲಿಲ್ಲ.

ಮರುದಿನ ಬೆಳಿಗ್ಗೆ ನಾನು ಮಾಲೀಕರೊಡನೆ ಫೋನಿನಲ್ಲಿ ಮಾತಾಡುತ್ತಿದ್ದುದನ್ನು ಕೇಳಿ ನೀರಿನ ಲಾರಿಯಿಂದ ಒಬ್ಬ ಇಳಿದು ಬಂದ. ಕನ್ನಡ ಕೇಳಿ ನಿಂತೆ ಅಂದ. ಹೊಸನಗರ ತಾಲೂಕಿನವನು. ಅವನೇ ಆ ಚಾಲಕ. ಊರು, ಮನೆ ವಿಚಾರಿಸಿದ್ದಾಯಿತು. ಆಮೇಲೆ ನೆಲ ನೋಡುತ್ತಾ ಹೇಳಿದ:

"ಅಕ್ಕ, ನಂದು ತಪ್ಪಿದ್ರೆ ಹೇಳಿ, ಒಪ್ಕಳ್ತೀನಿ. ಎಂಜಿನ್ ದನಿ ಬೇರೆ ಆಗ್ತಿದೆ ಅಂತ ದಿಬ್ಬ ಹತ್ತೋಕಿಂತ ಮುಂಚೇನೇ ಹೇಳಿದ್ದೆ. ನಮ್ ಸಾಹೇಬ್ರೂ ರೇಡಿಯೋದಲ್ಲಿ ಹೇಳಿದ್ರು. ಹಂಗೇ ಮುಂದೆ ಹೋಗಿ ಅಂತ ಬಂತು. ಈಗ ನಾನೇ ಕೆಡ್ಸಿದ್ದು ಅಂತಾರೆ."

ತಪ್ಪು ನಿನ್ನದೋ ನನ್ನದೋ ಇನ್ನೂ ಗೊತ್ತಿಲ್ಲ, ನೋಡುತ್ತೇನೆ ಎಂದೆ. ಅವನಿಗೆ ಅದಕ್ಕಿಂತ ಹೆಚ್ಚಿನದನ್ನು ಹೇಳುವ ಹಕ್ಕು ಆಗ ನನಗಿರಲಿಲ್ಲ.

ಕೆಟ್ಟ ಟ್ಯಾಂಕಿನಿಂದ ಬಿಚ್ಚಿದ ಸೀಲನ್ನು ಕಂಪನಿಯವರು ಮೇಜಿನ ಮೇಲೆ ಇಟ್ಟಿದ್ದರು. ನೋಡಿ, ಬಿಸಿಗೆ ಚಪ್ಪಟೆಯಾಗಿಹೋಗಿದೆ ಎಂದರು ಮ್ಯಾನೇಜರ್. ಹೌದು, ಚಪ್ಪಟೆಯಾಗಿತ್ತು. ಮೀಟರು ಒತ್ತಿ ಸುತ್ತಲೂ ಅಳೆದೆ. ಗಡಸು ಎಲ್ಲ ಕಡೆ ಒಂದೇ, ನಾವು ಕಳಿಸಿದಾಗ ಇದ್ದಷ್ಟೇ. ಬೆರಳಾಡಿಸುತ್ತಾ ಹೋದೆ. ಉದ್ದದ ಎರಡು ಬದಿಗಳ ನಡುಭಾಗ ಒತ್ತಿ ತೆಳ್ಳಗಾಗಿತ್ತು. ನಾಲ್ಕು ಮೂಲೆಗಳು ಮಾತ್ರ ನಮ್ಮ ಅಚ್ಚಿನಿಂದ ಆಗಷ್ಟೇ ತೆಗೆದಂತೆ ದುಂಡಗೆ ಉಬ್ಬಿಕೊಂಡಿದ್ದವು. ರಬ್ಬರು ಕೆಟ್ಟದಾಗಿದ್ದರೆ ಎಲ್ಲ ಕಡೆಯೂ ಕೆಡಬೇಕು. ಮೂಲೆ ಹೊಸದಾಗಿಯೇ ಉಳಿದಿದೆ ಎಂದರೆ ಆ ಮೂಲೆಯನ್ನು ಮುಚ್ಚಳ ಒಂದು ದಿನವೂ ಒತ್ತಿಯೇ ಇಲ್ಲ.

ಮುಚ್ಚಳ ತೋರಿಸಿ ಎಂದೆ. ಅದು ರಿಪೋರ್ಟಿನಲ್ಲಿದೆ ಎಂದರು. ರಿಪೋರ್ಟು ಬೇಡ, ಮುಚ್ಚಳ ಬೇಕು ಎಂದೆ. ಕೊನೆಗೆ ರಿಸಾಲ್ದಾರರೇ ನನ್ನನ್ನು ಟ್ಯಾಂಕಿನ ಹಿಂಭಾಗಕ್ಕೆ ಹತ್ತಿಸಿದರು. ಮುಚ್ಚಳದ ಮೂಲೆಗಳಲ್ಲಿ ಕ್ಲಾಂಪುಗಳೇ ಇರಲಿಲ್ಲ. ಅವು ಇದ್ದ ಜಾಗ ನುಣ್ಣಗೆ ತಿಕ್ಕಿ ಬಣ್ಣ ಬಳಿದಿತ್ತು. ಎರಡೂ ಉದ್ದ ಬದಿಗಳ ನಡುವೆ ಒಂದೊಂದು ಹೊಸ ಕ್ಲಾಂಪು. ನಾಲ್ಕರ ಬದಲು ಎರಡು.

ಸೀಮೆಸುಣ್ಣ ತೆಗೆದೆ. ಪೆಟ್ಟಿಗೆಯ ಅಂಚಿನ ಸುತ್ತಲೂ ದಟ್ಟವಾಗಿ ಬಳಿದು, ಹೊಸ ಸೀಲು ಹಾಕಿದ ಮುಚ್ಚಳ ಮುಚ್ಚಿ, ಬಿಗಿದು, ಮತ್ತೆ ತೆಗೆದೆ. ಸುಣ್ಣದ ಗೆರೆ ರಬ್ಬರಿನ ಮೇಲೆ ಸುತ್ತಲೂ ಮೂಡಬೇಕು. ನಡುವೆ ದಪ್ಪಗೆ ಮೂಡಿತ್ತು, ಮೂಲೆಗಳ ಹತ್ತಿರ ಬರುತ್ತಾ ತೆಳುವಾಗಿ ಮಾಯವಾಗಿತ್ತು. ನಿಂತ ಟ್ಯಾಂಕಿನಲ್ಲೇ ಹೀಗಾದರೆ ಓಡುವ ಟ್ಯಾಂಕಿನ ನಡುಕದಲ್ಲಿ ಆ ಮೂಲೆಗಳು ಎಷ್ಟು ಬಾಯಿ ಬಿಟ್ಟಿರಬೇಡ.

ಯಾಕೆ ಹೀಗೆ ಮಾಡಿದಿರಿ ಎಂದು ಮ್ಯಾನೇಜರನ್ನು ಕೇಳಿದೆ. ಅವರಿಗೆ ನಾಚಿಕೆಯೇನೂ ಆಗಲಿಲ್ಲ, ಹೆಮ್ಮೆಯಿತ್ತು. ಫಿಲ್ಟರು ಬದಲಿಸುವ ಪ್ರದರ್ಶನದಲ್ಲಿ ಸಮಯ ಉಳಿಸಲು ಮಾಡಿದ ಸುಧಾರಣೆಯಂತೆ. ಎರಡು ಕ್ಲಾಂಪು ಬೇಗ ಬಿಚ್ಚಬಹುದು. ದೊಡ್ಡವರೆಲ್ಲ ಚಪ್ಪಾಳೆ ತಟ್ಟಿದ್ದರಂತೆ. ಸೀಲು ಮಾಡುವ ನಮಗೆ ಒಂದು ಮಾತು ಹೇಳಬೇಕಿತ್ತಲ್ಲ ಎಂದೆ. ಸೀಲಿನವರಿಗೆ ಮುಚ್ಚಳದ ವಿಷಯ ಯಾಕೆ ಎಂದರು. ಮೀಟರನ್ನು ಚೀಲದೊಳಗೆ ಇಟ್ಟುಕೊಂಡು ಟ್ಯಾಂಕಿನಿಂದ ಇಳಿದೆ.

ಅಂದು ಮಧ್ಯಾಹ್ನ ಅವರು ನನ್ನನ್ನು ಊಟದ ಟೆಂಟಿನ ಪಕ್ಕಕ್ಕೆ ಕರೆದರು. ಈಗ ದನಿ ಮೃದುವಾಗಿತ್ತು. ಇದನ್ನು ಸುಲಭವಾಗಿ ಮುಗಿಸೋಣ, ಆ ಕಂತಿನ ರಬ್ಬರಿನಲ್ಲಿ ಸ್ವಲ್ಪ ಏರುಪೇರಾಗಿತ್ತು ಎಂದು ನೀವು ಹೇಳಿ, ಇನ್ನಷ್ಟು ದಪ್ಪನೆಯ ಸೀಲು ಮಾಡಿಕೊಡಿ, ನಿಮ್ಮ ಆರ್ಡರು ಎಲ್ಲಿಗೂ ಹೋಗುವುದಿಲ್ಲ ಎಂದರು. ದಪ್ಪ ಸೀಲು ಹಾಕಿದರೆ ಮುಚ್ಚಳ ನಡುವೆ ಬಾಗಿ ಮೂಲೆಗಳು ಇನ್ನೂ ಮೇಲೇಳುತ್ತವೆ ಎಂದೆ. ಅದನ್ನು ಆಮೇಲೆ ನೋಡೋಣ ಎಂದರು. ಮತ್ತೆ ಚಾಲಕ? ಎಂದೆ. ಅದು ಸೇನೆಯ ಒಳಗಿನ ವಿಷಯ, ನಿಮಗೂ ನಮಗೂ ಸಂಬಂಧವಿಲ್ಲ ಎಂದರು.

ನಾನು ಮಾಲೀಕರಿಗೆ ಫೋನ್ ಮಾಡಿದೆ. ಎಲ್ಲವನ್ನೂ ಹೇಳಿದೆ. ಆ ಆರ್ಡರನ್ನು ನಂಬಿ ಹೊಸ ಪ್ರೆಸ್ ತಂದಿದ್ದೇವೆ, ಜನ ತೆಗೆದುಕೊಂಡಿದ್ದೇವೆ ಎನ್ನುವುದನ್ನೂ ನೆನಪಿಸಿದೆ. ನಮ್ಮ ಮಾಲೀಕರು ನನ್ನೊಡನೆ ಎಲ್ಲರಂತೆಯೇ ಮಾತಾಡುವವರು. ಸಿಟ್ಟು ಬಂದರೆ ಮಾತ್ರ, 'ನಾವು' ಎನ್ನುವುದಕ್ಕೆ 'ಎಂಗೊ' ಎನ್ನುವ ಅವರ ಮನೆ ಮಾತು ಹೊರಗೆ ಬರುತ್ತದೆ. ಅಂದು ಬಂತು.

"ಎಂಗೊ ಮಾಡಿದ್ದು ಸರಿ ಇದ್ದು ಅಂದ್ಮೇಲೆ ಒಪ್ಪದು ಎಂತಕ್ಕೆ? ಆರ್ಡರ್ ಹೋದ್ರೆ ಹೋಗ್ಲಿ. ನೀನು ಹೂಂ ಅಂದ್ರೆ ಆ ಡ್ರೈವರ್ ಮಾಣಿ ಗತಿ ಎಂತಾಗ್ತು?"

ನಾನು ನೇರವಾಗಿ ಪರೀಕ್ಷೆಯ ಮುಖ್ಯಸ್ಥರಾದ ಕರ್ನಲ್ ಬಳಿಗೆ ಹೋದೆ. ಕಂಪನಿಯ ಮೂಲಕ ಬಂದವಳು ಕಂಪನಿಯನ್ನು ದಾಟಿ ಹೋಗುವ ಹಾಗಿಲ್ಲ ಎಂದು ಗೊತ್ತಿತ್ತು. ಕೇಳಿದ್ದು ಇಷ್ಟೇ: ಕೆಟ್ಟದ್ದು ಎಂದ ಅದೇ ಹಳೆಯ ಸೀಲನ್ನು ಮತ್ತೆ ಹಾಕಿ. ಹೊಸದಾಗಿ ಕೂರಿಸಿದ ಎಂಜಿನ್ ಕೆಡದಂತೆ ಒಂದು ಸಣ್ಣ ಓಟ ಸಾಕು. ಒಮ್ಮೆ ಎರಡು ಕ್ಲಾಂಪಿನಲ್ಲಿ, ಒಮ್ಮೆ ನಾಲ್ಕರಲ್ಲಿ. ಫಿಲ್ಟರ್ ದಾಟಿ ಎಂಜಿನ್ನಿಗೆ ಹೋಗುವ ಕೊಳವೆಯ ಒಳಗೋಡೆಗೆ ಬಿಳಿ ಗ್ರೀಸು ಬಳಿಯೋಣ. ಧೂಳು ನುಗ್ಗಿದರೆ ಗ್ರೀಸಿನಲ್ಲಿ ಅಂಟಿಕೊಂಡು ತಾನು ಬಂದ ದಾರಿ ತೋರಿಸುತ್ತದೆ.

ಪರೀಕ್ಷೆಯ ಟ್ಯಾಂಕಿಗೆ ಕೈ ಹಾಕುವಂತಿಲ್ಲ ಎಂದು ಮ್ಯಾನೇಜರ್ ಆಕ್ಷೇಪಿಸಿದರು. ನಾಲ್ಕು ಕ್ಲಾಂಪನ್ನು ಎರಡು ಮಾಡಿದಾಗ ಕೈ ಹಾಕಿದ್ದು ಯಾರು ಎಂದು ಕರ್ನಲ್ ಕೇಳಿದರು. ಜವಾಬ್ದಾರಿ ತಮ್ಮದು ಎಂದು ಹೇಳಿ ಅನುಮತಿ ಕೊಟ್ಟರು.

ಎರಡು ಕ್ಲಾಂಪಿನ ಓಟ ಮುಗಿದು ಕೊಳವೆ ತೆರೆದಾಗ ಬಿಳಿ ಗ್ರೀಸಿನ ಮೇಲೆ ಮೂಲೆಗಳ ಕಡೆಯಿಂದ ಕಂದು ಬಾಲಗಳು ಎದ್ದಿದ್ದವು. ಶಿಬಿರದ ವರ್ಕ್‌ಶಾಪಿನವರು ನಡುವಿನ ಎರಡನ್ನು ತೆಗೆದು ನಾಲ್ಕು ಮೂಲೆಗಳಿಗೆ ಕ್ಲಾಂಪು ಬೆಸೆದು ಕೊಟ್ಟರು. ಎರಡನೆಯ ಓಟ. ಮತ್ತೆ ಕೊಳವೆ ತೆರೆದರು. ನಾನು ಬಗ್ಗಿ ನೋಡಿದೆ. ಗ್ರೀಸಿನ ಮೇಲೆ ಕಂದು ಧೂಳು.

ಮ್ಯಾನೇಜರ್ ನಕ್ಕರು. ಕಂಪನಿಯ ಹುಡುಗರು ಸಾಮಾನು ಎತ್ತಿಡಲು ಶುರುಮಾಡಿದರು. ಸಾಗರದಿಂದ ಇಲ್ಲಿಯವರೆಗೆ ಹಟ ಹಿಡಿದು ಬಂದು ಎಲ್ಲರೆದುರು ಸುಳ್ಳಾದೆ ಎನ್ನಿಸಿತು. ಚಾಲಕ ನೀರಿನ ಲಾರಿಯ ಪಕ್ಕದಲ್ಲಿ ನಿಂತು ನೋಡುತ್ತಿದ್ದ. ಅವನ ಮುಖ ನೋಡಲಾಗದೆ ನಾನು ಮತ್ತೆ ಕೊಳವೆಯೊಳಗೆ ತಲೆ ಹಾಕಿದೆ. ಆಗ ಕಂಡಿತು. ಈ ಧೂಳಿಗೆ ಬಾಲವಿರಲಿಲ್ಲ. ಯಾವ ಮೂಲೆಯಿಂದಲೂ ಬಂದದ್ದಲ್ಲ, ಮೇಲಿನಿಂದ ಉದುರಿದಂತೆ ಅಲ್ಲಲ್ಲಿ ಚುಕ್ಕೆಯಾಗಿ ಕೂತಿತ್ತು. ಮೊದಲ ಓಟದಲ್ಲಿ ನುಗ್ಗಿದ್ದ ಧೂಳು ಮುಚ್ಚಳದ ಒಳಮಡಿಕೆಯಲ್ಲಿ ಕೂತಿದ್ದು ಈಗ ಅಲುಗಾಟಕ್ಕೆ ಉದುರಿದೆ. ನಾವು ಗ್ರೀಸು ಬದಲಿಸಿದ್ದೆವು, ಪೆಟ್ಟಿಗೆ ತೊಳೆದಿರಲಿಲ್ಲ.

ತೊಳೆದು ಇನ್ನೊಮ್ಮೆ ಓಡಿಸಬೇಕು ಎಂದೆ. ಇದಕ್ಕೆ ಕೊನೆಯಿಲ್ಲ ಎಂದರು ಮ್ಯಾನೇಜರ್. ಕರ್ನಲ್ ಕೂಡ ಗಡಿಯಾರ ನೋಡಿದರು. ಆಗ ರಿಸಾಲ್ದಾರ್ ಮುಂದೆ ಬಂದು ಸೆಲ್ಯೂಟ್ ಹೊಡೆದು, ಈ ಟ್ಯಾಂಕಿನೊಳಗೆ ಕೂರುವವರು ನಾವು ಸಾಹೇಬ್, ಇನ್ನೊಂದು ಸಲ ಓಡಿಸಲು ನಮಗೆ ಬೇಸರವಿಲ್ಲ, ಆದರೆ ಓಡಿಸಲು ನನ್ನ ಹಳೆಯ ಚಾಲಕ ಬೇಕು ಎಂದರು. ಕರ್ನಲ್ ಒಪ್ಪಿ ತಲೆಯಾಡಿಸಿದರು.

ಪೆಟ್ಟಿಗೆ, ಮುಚ್ಚಳ, ಕೊಳವೆ ಎಲ್ಲವನ್ನೂ ನಾನೇ ಕೂತು ತೊಳೆದೆ. ಗಾಳಿ ಹೊಡೆಸಿ ಒಣಗಿಸಿ, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಮ್ಯಾನೇಜರಿಗೆ ತೋರಿಸಿಯೇ ಮುಚ್ಚಿಸಿದೆ. ಹೊಸನಗರದ ಚಾಲಕ ಮುಂಭಾಗದ ಸಣ್ಣ ಬಾಗಿಲಿನಿಂದ ಒಳಗಿಳಿದ. ಜೊತೆಯ ಟ್ಯಾಂಕು ಮುಂದೆ ಧೂಳೆಬ್ಬಿಸುತ್ತಾ ಹೋಯಿತು, ಇವನು ಬೇಕೆಂದೇ ಅದರ ಧೂಳಿನೊಳಗೇ ಓಡಿಸಿದ. ದಿಬ್ಬ ಹತ್ತಿಸಿದ, ಇಳಿಸಿದ, ಮತ್ತೆ ಹತ್ತಿಸಿದ. ತಿರುಗಿ ಬಂದಾಗ ಟ್ಯಾಂಕಿನ ಬಣ್ಣವೇ ಕಾಣುತ್ತಿರಲಿಲ್ಲ.

ಕೊಳವೆ ತೆರೆದರು. ಈ ಸಲ ಮೊದಲು ನೋಡಿದ್ದು ಕರ್ನಲ್. ಅವರು ಬೆರಳಿನಿಂದ ಗ್ರೀಸು ತೆಗೆದು ಬೆಳಕಿಗೆ ಹಿಡಿದರು. ಹಚ್ಚಿದಾಗಿನಷ್ಟೇ ಬಿಳಿ. ಅವರು ಆ ಬೆರಳನ್ನು ಮ್ಯಾನೇಜರಿನ ಮುಂದೆ ಹಿಡಿದರು.

ಸಂಜೆಯ ಸಭೆಯಲ್ಲಿ ಮ್ಯಾನೇಜರ್ ಹೇಳಿದ್ದು ಕೇಳಿ ನನಗೆ ಕಿವಿಯನ್ನು ನಂಬಲಾಗಲಿಲ್ಲ. ಪರೀಕ್ಷೆಯ ಅನುಭವದ ಆಧಾರದ ಮೇಲೆ ಅವರ ಕಂಪನಿ ಮುಚ್ಚಳದ ವಿನ್ಯಾಸವನ್ನು ಇನ್ನಷ್ಟು ಬಲಪಡಿಸಲು ನಿರ್ಧರಿಸಿದೆ, ಇನ್ನು ಮುಂದೆ ನಾಲ್ಕು ಕ್ಲಾಂಪುಗಳಿರುತ್ತವೆ. ಅಷ್ಟೇ. ತೆಗೆದವರೇ ಹಾಕಿದವರಾದರು. ನಾನು ಎದ್ದು ನಿಂತೆ. ಚಾಲಕ ತಪ್ಪು ಮಾಡಿದ ಎಂದು ಇದೇ ಟೆಂಟಿನಲ್ಲಿ ಹೇಳಿದ್ದಿರಿ, ಮಾಡಿಲ್ಲ ಎಂದು ಇಲ್ಲಿಯೇ ಹೇಳಿ ಎಂದೆ. ಮ್ಯಾನೇಜರ್ ಅದು ಸಭೆಯ ವಿಷಯವಲ್ಲ ಎಂದರು. ಕರ್ನಲ್ ಮಾತ್ರ, ಚಾಲಕನ ಮೇಲೆ ಯಾವ ದೋಷವೂ ಇಲ್ಲ, ನಾಳೆಯಿಂದ ಅವನು ತನ್ನ ಟ್ಯಾಂಕಿನಲ್ಲಿರುತ್ತಾನೆ ಎಂದು ಗಟ್ಟಿಯಾಗಿ ಹೇಳಿದರು. ಅವರು ದೊಡ್ಡವರು. ಆದರೆ ಆ ಮಾತು ಹೇಳಬೇಕಿದ್ದವರು ಅವರಲ್ಲ.

ಊರಿಗೆ ಮರಳಿದೆ. ಆ ಟ್ಯಾಂಕು ಮುಂದಿನ ಅಣಕು ಯುದ್ಧಗಳಲ್ಲಿ ಎಲ್ಲೂ ನಿಲ್ಲಲಿಲ್ಲ ಎಂದು ರಿಸಾಲ್ದಾರ್ ಫೋನ್ ಮಾಡಿ ತಿಳಿಸಿದರು. ನಮ್ಮ ಸೀಲಿನ ಆರ್ಡರು ಮುಂದುವರಿಯಲಿಲ್ಲ. ಕಾರಣವನ್ನು ಕಂಪನಿ ಹೇಳಲಿಲ್ಲ, ನಾವು ಕೇಳಲಿಲ್ಲ. ಹೊಸ ಪ್ರೆಸ್ಸಿನಲ್ಲಿ ಮತ್ತೆ ಅಡಿಕೆ ಯಂತ್ರದ ರೋಲರು ಶುರುವಾಯಿತು. ಪ್ರೆಸ್ಸಿನ ಹೆಂಗಸು ಒಂದು ದಿನ, "ನಮ್ದೇನೂ ತಪ್ಪಿರ್ಲಿಲ್ಲ ಅಲ್ದಾ ಮೇಡಂ, ಮತ್ತೆ ಯಾಕೆ ನಿಲ್ಸಿದ್ರು?" ಎಂದು ಕೇಳಿದಳು. ತಪ್ಪಿಲ್ಲದ್ದಕ್ಕೇ ನಿಲ್ಲಿಸಿದರು ಎಂದು ಅವಳಿಗೆ ಹೇಗೆ ಹೇಳಲಿ.

ಕಳೆದ ಬೇಸಿಗೆಯಲ್ಲಿ ಅದೇ ಮ್ಯಾನೇಜರಿನ ಫೋನ್ ಬಂತು. ಅದೇ ಟ್ಯಾಂಕು, ಈ ಸಲ ಚಾಲಕನ ತಲೆಯ ಮೇಲಿನ ಬಾಗಿಲು. ನದಿ ದಾಟಿಸುವ ಪರೀಕ್ಷೆಯಲ್ಲಿ ನೀರು ಸೋರಿದೆ, ಬೇರೆಯವರು ಮಾಡಿದ ಸೀಲು ನಿಲ್ಲುತ್ತಿಲ್ಲ, ಮಳೆ ಊರಿನವರು ನೀವು, ನೀರಿನ ವಿಷಯ ನಿಮಗೆ ಚೆನ್ನಾಗಿ ಗೊತ್ತಲ್ಲವೇ ಎಂದರು, ನಗುತ್ತಾ. ಮಾಲೀಕರು ಫೋನನ್ನು ನನ್ನ ಕಡೆಗೆ ಸರಿಸಿ, ನೀನೇ ಹೇಳು ಎಂಬಂತೆ ನೋಡಿದರು.

ಮಾಡಿಕೊಡುತ್ತೇವೆ, ಬಾಗಿಲನ್ನು ಸಾಗರಕ್ಕೆ ಕಳಿಸಿ, ಆದರೆ ಅದಕ್ಕೆ ಮೊದಲು ಒಂದು ಕೆಲಸವಿದೆ ಎಂದೆ. ಏನು ಎಂದರು.

"ಆ ಚಾಲಕನಿಗೆ ಫೋನ್ ಮಾಡಿ ತಪ್ಪಾಯ್ತು ಅನ್ನಿ. ನಂಬರು ನಾನು ಕೊಡ್ತೀನಿ."

ಆಮೇಲೆ ನೋಡೋಣ, ನೋಡೋಣ ಎಂದು ಫೋನ್ ಇಟ್ಟರು. ನಂಬರು ಕೇಳಲಿಲ್ಲ.

ಮೊನ್ನೆ ರಜೆಗೆ ಬಂದಿದ್ದ ಚಾಲಕ ಕಾರ್ಖಾನೆಗೆ ಬಂದಿದ್ದ. ಯಾರಾದರೂ ಫೋನ್ ಮಾಡಿದ್ದರೇ ಎಂದು ಕೇಳಿದೆ. ಯಾರು, ಯಾಕೆ ಎಂದ. ನಾನು ವಿಷಯ ಹೇಳಿದೆ. ಅವನಿಗೆ ಆಶ್ಚರ್ಯವಾಯಿತು. "ಬಿಡಿ ಅಕ್ಕ, ಅವ್ರೆಲ್ಲ ನಮ್ಗೆ ಹಂಗೆ ಹೇಳ್ತಾರಾ" ಎಂದು ನಕ್ಕ.

ಅವನು ಬಿಟ್ಟಿರಬಹುದು. ನಾನು ಬಿಟ್ಟಿಲ್ಲ.